ಬೆಂಗಳೂರಲ್ಲಿ ಮತ್ತೆ ರೆಕ್ಕೆ ಪಡೆದ ಲಿಬರೇಟರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ವಿಮಾನಗಳ ಫೋಟೋ ಇಟ್ಟುಕೊಂಡು ಶಾಲೆ, ಲೈಬ್ರರಿ, ನಿವೃತ್ತರ ಸಂಘ ಅಂತ ಹೋಗಿ ಮಾತಾಡುವುದು ನನಗೆ ಬಹಳ ವರ್ಷದ ರೂಢಿ. ಯಾವ ವಿಮಾನದಿಂದ ಮಾತು ಶುರು ಮಾಡಿದರೂ ಕೊನೆಗೆ ಪ್ರಶ್ನೆಗಳು ಬಂದು ನಿಲ್ಲುವುದು ಲಿಬರೇಟರ್ ಮೇಲೆ. ಕೆಲವರು ಮನೆಗೆ ಹೋದ ಮೇಲೆ ಪತ್ರವನ್ನೂ ಬರೆಯುತ್ತಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಮೊದಲಿಗೆ ಸುಲಭದವು, ಆಮೇಲೆ ಆಳದವು.

## ಮೊದಲು ತಿಳಿಯಬೇಕಾದದ್ದು

ಲಿಬರೇಟರ್ ಅಂದರೆ ಯಾವ ವಿಮಾನ ಸಾರ್? ನಾನು ಹೆಸರೇ ಕೇಳಿಲ್ಲ.

ಎರಡನೇ ಮಹಾಯುದ್ಧದ ದೊಡ್ಡ ಬಾಂಬರ್. ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿ ಮಾಡಿದ್ದು. ಅಮೆರಿಕನ್ನರ ಲೆಕ್ಕದಲ್ಲಿ ಇದರ ಹೆಸರು ಬಿ-24. ಲಿಬರೇಟರ್ ಅನ್ನೋ ಹೆಸರು ಕೊಟ್ಟವರು ಬ್ರಿಟಿಷರು. ಮೊದಲು ಹಾರಿದ್ದು 1939ರ ಡಿಸೆಂಬರ್ 29ರಂದು. ಯುದ್ಧ ಮುಗಿಯುವ ಹೊತ್ತಿಗೆ 18,000ಕ್ಕೂ ಜಾಸ್ತಿ ವಿಮಾನಗಳು ತಯಾರಾಗಿದ್ದವು. ಇಷ್ಟು ಸಂಖ್ಯೆಯಲ್ಲಿ ತಯಾರಾದ ಭಾರಿ ಬಾಂಬರ್ ಬೇರೊಂದಿಲ್ಲ. ಕಾರು ಮಾಡುವ ಫೋರ್ಡ್ ಕಂಪನಿ ಇದಕ್ಕೆಂದೇ ವಿಲೋ ರನ್ ಎಂಬಲ್ಲಿ ಕಾರ್ಖಾನೆ ಕಟ್ಟಿತು. ಕೆಲಸ ಜೋರಾಗಿದ್ದಾಗ ಅಲ್ಲಿಂದ ಹೆಚ್ಚುಕಡಿಮೆ ಗಂಟೆಗೊಂದು ವಿಮಾನ ಹೊರಬರುತ್ತಿತ್ತು.

ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 110 ಅಡಿ, ಉದ್ದ 67 ಅಡಿ. ತಲಾ 1,200 ಅಶ್ವಶಕ್ತಿಯ ನಾಲ್ಕು ಎಂಜಿನ್. ಬಹಳ ದೂರ ಹಾರುವುದೇ ಇದರ ದೊಡ್ಡ ಗುಣ. ಬಂಗಾಳದಿಂದ ಹೊರಟು ಬರ್ಮಾ ದಾಟಿ ಸಯಾಮ್, ಅಂದರೆ ಈಗಿನ ಥಾಯ್ಲೆಂಡ್‌ವರೆಗೆ ಹೋಗಿ ಅದೇ ಇಂಧನದಲ್ಲಿ ವಾಪಸ್ ಬರಬಲ್ಲ ವಿಮಾನ ಆಗ ಬ್ರಿಟಿಷರ ಬಳಿ ಇದೊಂದೇ ಎನ್ನಬಹುದು.

ಇದಕ್ಕೂ ಬೆಂಗಳೂರಿಗೂ ಏನು ಸಂಬಂಧ?

ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ತನ್ನ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ನಿಲ್ಲಿಸಿ, ಮತ್ತೆ ಹಾರದ ಹಾಗೆ ಕೆಡಿಸಿ ಬಿಟ್ಟುಹೋಯಿತು. ಸ್ವಾತಂತ್ರ್ಯ ಬಂದ ಮೇಲೆ ಅಂಥ 42 ವಿಮಾನಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ನಮ್ಮ ಎಚ್‌ಎಎಲ್, ರಿಪೇರಿ ಮಾಡಿ ಭಾರತೀಯ ವಾಯುಪಡೆಗೆ ಕೊಟ್ಟಿತು. ಅವು 1968ರ ಕೊನೆಯವರೆಗೆ ಹಾರಿದವು. ಅಷ್ಟು ಹೊತ್ತಿಗೆ ಜಗತ್ತಿನ ಬೇರೆ ಯಾವ ವಾಯುಪಡೆಯಲ್ಲೂ ಲಿಬರೇಟರ್ ಬಾಂಬರ್ ಉಳಿದಿರಲಿಲ್ಲ.

ಒಂದು ವಿಮಾನಕ್ಕೆ ಎಷ್ಟು ಜನ? ಒಳಗೆ ಹೇಗಿರುತ್ತಿತ್ತು?

ಸಾಮಾನ್ಯವಾಗಿ ಎಂಟರಿಂದ ಹತ್ತು ಜನ. ಇಬ್ಬರು ಪೈಲಟ್‌ಗಳು, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ಬಾಂಬ್ ಗುರಿ ಇಡುವವನು, ಫ್ಲೈಟ್ ಎಂಜಿನಿಯರ್, ವೈರ್‌ಲೆಸ್ ಆಪರೇಟರ್, ಉಳಿದವರು ಮೆಷಿನ್‌ಗನ್ ಹಿಡಿದವರು.

ಒಳಗೆ ಸುಖ ಅನ್ನೋದು ಇರಲಿಲ್ಲ. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕಾಪಾಡುವ ವ್ಯವಸ್ಥೆ ಇಲ್ಲ. ಮೇಲೆ ಹೋದಂತೆ ಆಮ್ಲಜನಕದ ಮಾಸ್ಕ್ ಹಾಕಿಕೊಳ್ಳಬೇಕು. ಕೆಳಗೆ ಬಂಗಾಳದ ಸೆಕೆಯಲ್ಲಿ ಬೆವರಿಳಿಸಿಕೊಂಡು ಹತ್ತಿದವರು 20,000 ಅಡಿ ಮೇಲೆ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಕೂರಬೇಕು. ಪೆಟ್ರೋಲ್ ವಾಸನೆಯಂತೂ ಹೋಗುತ್ತಲೇ ಇರಲಿಲ್ಲ. ಹೈಡ್ರಾಲಿಕ್ ನೆರವಿಲ್ಲದ ಸ್ಟೀರಿಂಗ್ ಹಿಡಿದು ಹತ್ತು ಹನ್ನೆರಡು ಗಂಟೆ ಎಳೆದಾಡಿದ ಪೈಲಟ್‌ಗಳ ತೋಳು ಸೋತುಹೋಗುತ್ತಿತ್ತು.

ನನ್ನನ್ನು ಜಾಸ್ತಿ ಕಾಡುವುದು ಆ ಹಲಗೆ. ಮುಂದಿನ ಭಾಗದಿಂದ ಹಿಂದಿನ ಭಾಗಕ್ಕೆ ಹೋಗಬೇಕಾದರೆ ಬಾಂಬ್ ಇಡುವ ಜಾಗವನ್ನು ದಾಟಬೇಕು. ಅಲ್ಲಿ ಕಾಲಿಡಲು ಇದ್ದದ್ದು ಒಂದು ಗೇಣು ಅಗಲದ ಕಾಲುದಾರಿ ಮಾತ್ರ. ಅದರ ಎರಡೂ ಕಡೆ ಬಾಂಬ್, ಕೆಳಗೆ ಬಾಗಿಲು. ಆ ಬಾಗಿಲೋ ಅಂಗಡಿಯ ರೋಲಿಂಗ್ ಶಟರ್ ಥರದ್ದು, ತೆಳು ಅಲ್ಯೂಮಿನಿಯಂ. ಕಾಲು ಜಾರಿ ಒಬ್ಬ ಮನುಷ್ಯ ಬಿದ್ದರೆ ಆ ಭಾರವನ್ನು ಅದು ತಡೆಯುತ್ತಿರಲಿಲ್ಲ. ಕತ್ತಲಲ್ಲಿ, ವಿಮಾನ ಕುಲುಕುತ್ತಿರುವಾಗ, ದಪ್ಪ ಬಟ್ಟೆ ತೊಟ್ಟು ಅದರ ಮೇಲೆ ನಡೆದವರ ವಯಸ್ಸು ಇಪ್ಪತ್ತು, ಇಪ್ಪತ್ತೆರಡು.

ಹಳೇ ಫೋಟೋದಲ್ಲಿ ಲಿಬರೇಟರ್ ಗುರುತಿಸೋದು ಹೇಗೆ?

ಮೊದಲು ಬಾಲ ನೋಡಿ. ಎರಡು ದೊಡ್ಡ ಮೊಟ್ಟೆಯಾಕಾರದ ಹಲಗೆಗಳು ಎರಡು ಕಡೆ ನಿಂತಿರುತ್ತವೆ. ಆಮೇಲೆ ರೆಕ್ಕೆ. ಅದು ಉದ್ದ, ಕಿರಿದು, ಮೈಯ ಮೇಲ್ಭಾಗಕ್ಕೆ ಜೋಡಿಸಿದ್ದು. ಮೂರನೆಯದು ಚಕ್ರ. ಲಿಬರೇಟರ್ ಮೂತಿಯ ಕೆಳಗೆ ಚಕ್ರ ಇರುವುದರಿಂದ ನಿಂತಾಗ ನೆಲಕ್ಕೆ ಸಮವಾಗಿರುತ್ತದೆ. ಬಾಲ ನೆಲಕ್ಕೆ ತಾಗಿ ಮೂತಿ ಮೇಲೆತ್ತಿ ನಿಂತಿದ್ದರೆ, ಎಂಜಿನ್ ಎರಡೇ ಇದ್ದರೆ, ಅದು ಹೆಚ್ಚಾಗಿ ಸಾಮಾನು ಸಾಗಿಸುವ ಡಕೋಟಾ. ಜನ ನನಗೆ ಲಿಬರೇಟರ್ ಅಂತ ಕಳಿಸುವ ಫೋಟೋಗಳಲ್ಲಿ ಮುಕ್ಕಾಲು ಪಾಲು ಡಕೋಟಾಗಳೇ.

## ಯುದ್ಧದ ದಿನಗಳು

ಕೋಲಾರದಲ್ಲಿ ಬ್ರಿಟಿಷರ ಬಾಂಬರ್ ನಿಲ್ದಾಣ ಇತ್ತು ಅಂತ ನಮ್ಮಜ್ಜಿ ಹೇಳ್ತಿದ್ದರು. ನಿಜಾನಾ?

ನಿಜ. ನಿಮ್ಮಜ್ಜಿ ಸರಿಯಾಗಿಯೇ ಹೇಳಿದ್ದಾರೆ. ಬ್ರಿಟಿಷ್ ವಾಯುಪಡೆಯ 1673ನೇ ಹೆವಿ ಕನ್ವರ್ಷನ್ ಯೂನಿಟ್ ಕೋಲಾರದಲ್ಲಿತ್ತು. ಹೆಸರು ಉದ್ದ ಇದೆ, ಕೆಲಸ ಸರಳ. ಚಿಕ್ಕ ವಿಮಾನ ಹಾರಿಸಿ ಗೊತ್ತಿದ್ದವರಿಗೆ ನಾಲ್ಕು ಎಂಜಿನ್ನಿನ ಲಿಬರೇಟರ್ ಹಾರಿಸುವುದನ್ನು ಕಲಿಸುವ ಶಾಲೆ ಅದು. ಕೆಲವು ತಂಡಗಳು ಕೆನಡಾದ ಬೌಂಡರಿ ಬೇಯಲ್ಲಿ ಲಿಬರೇಟರ್ ಕಲಿತು ಬಂದರೆ, ಇಲ್ಲೇ ಇದ್ದವರು ಕಲಿತದ್ದು ಕೋಲಾರದಲ್ಲಿ.

ಹತ್ತು ಜನ ಒಂದೇ ತಂಡವಾಗಿ ಒಗ್ಗುವುದೂ ಇಂಥ ಕಡೆಯೇ. ಒಬ್ಬ ಸ್ಕಾಟ್ಲೆಂಡಿನ ಹುಡುಗ, ಇನ್ನೊಬ್ಬ ಕೆನಡಾದವನು, ಮತ್ತೊಬ್ಬ ಆಸ್ಟ್ರೇಲಿಯಾದವನು. ಎಂಜಿನ್ ಒಂದು ನಿಂತರೆ ಯಾರು ಏನು ಮಾಡಬೇಕು, ಸಮುದ್ರಕ್ಕೆ ಬಿದ್ದರೆ ರಬ್ಬರ್ ದೋಣಿ ಯಾರು ಎಳೆಯಬೇಕು, ಇವೆಲ್ಲ ಬಾಯಿಪಾಠ ಆಗುವ ತನಕ ಅಭ್ಯಾಸ. ಇಲ್ಲಿಂದ ಅವರು ನೇರ ಬಂಗಾಳಕ್ಕೆ ಹೋಗುತ್ತಿದ್ದರು.

ಬಾಂಬ್ ಹಾಕೋಕೆ ಎಲ್ಲಿಂದ ಹೊರಡ್ತಿದ್ದರು, ಎಲ್ಲಿಗೆ ಹೋಗ್ತಿದ್ದರು?

ಬಂಗಾಳದ ಡಿಗ್ರಿ ಎಂಬ ಊರು, ಸಾಲ್ಬನಿ, ಧುಬುಲಿಯಾ, ಈಗ ಬಾಂಗ್ಲಾದೇಶಕ್ಕೆ ಸೇರಿದ ಜೆಸೋರ್. ಇವು ಮುಖ್ಯ ನೆಲೆಗಳು. ಗುರಿಗಳಲ್ಲಿ ಊರುಗಳಿಗಿಂತ ಹೆಚ್ಚಾಗಿ ಇದ್ದದ್ದು ರೈಲು ದಾರಿ, ಸೇತುವೆ, ಬಂದರು, ಉಗ್ರಾಣ. ಜಪಾನಿ ಸೇನೆ ಬರ್ಮಾದಲ್ಲಿ ಊಟಕ್ಕೂ ಮದ್ದುಗುಂಡಿಗೂ ಬಹುಮಟ್ಟಿಗೆ ಸಯಾಮ್‌ನಿಂದ ಬರುವ ಒಂದು ಉದ್ದನೆಯ ರೈಲು ದಾರಿಯನ್ನು ನಂಬಿಕೊಂಡಿತ್ತು. ಅದನ್ನು ತುಂಡು ಮಾಡುತ್ತಲೇ ಇರುವುದು ಇವರ ಕೆಲಸ. ಇಂದು ಒಡೆದರೆ ಅವರು ವಾರದಲ್ಲಿ ಸರಿ ಮಾಡುತ್ತಿದ್ದರು. ಇವರು ಮತ್ತೆ ಹೋಗುತ್ತಿದ್ದರು.

ಎಲ್ಲಕ್ಕಿಂತ ದೂರದ ಪಯಣಗಳಲ್ಲಿ ಒಂದು 1944ರ ಅಕ್ಟೋಬರ್ 27ರದ್ದು. ಬ್ರಿಟಿಷ್ ವಾಯುಪಡೆಯ 159ನೇ ಸ್ಕ್ವಾಡ್ರನ್ನಿನ, ಅಂದರೆ ತುಕಡಿಯ, 15 ಲಿಬರೇಟರ್‌ಗಳು ಮಲಯದ (ಈಗಿನ ಮಲೇಷ್ಯಾ) ಪೆನಾಂಗ್ ಬಂದರಿನ ನೀರಿನಲ್ಲಿ ಹಡಗುಗಳನ್ನು ಒಡೆಯುವ ಮೈನ್‌ಗಳನ್ನು ಹಾಕಿ ಬಂದವು. ಹೋಗಿಬರಲು 3,000 ಮೈಲಿಗಿಂತ ಜಾಸ್ತಿ. ಆ ಸ್ಕ್ವಾಡ್ರನ್ನಿನ ಮುಖ್ಯಸ್ಥ ವಿಂಗ್ ಕಮಾಂಡರ್ ಜೇಮ್ಸ್ ಬ್ಲ್ಯಾಕ್‌ಬರ್ನ್ ಎಂಜಿನ್‌ಗಳನ್ನು ಹೇಗೆ ನಡೆಸಿದರೆ ಇಂಧನ ಉಳಿಯುತ್ತದೆ ಅಂತ ತಾವೇ ಹಾರಿ ಹಾರಿ ಪರೀಕ್ಷೆ ಮಾಡಿದ್ದರು. ಅಷ್ಟು ದೂರಕ್ಕೆ ಅಷ್ಟು ಭಾರ ಹೊತ್ತು ಹೋಗಬಹುದು ಎಂದು ತೋರಿಸಿಕೊಟ್ಟದ್ದು ಆ ಲೆಕ್ಕವೇ.

ಆ ಕ್ವಾಯ್ ನದಿ ಸೇತುವೆ ಇದೇ ವಿಮಾನ ಒಡೆದದ್ದಾ?

ಹೌದು, ಲಿಬರೇಟರ್‌ಗಳೇ. ಒಂದೇ ದಿನ ಒಂದೇ ಏಟಿಗೆ ಬಿದ್ದದ್ದಲ್ಲ. 1944ರ ಕೊನೆಯಿಂದ 1945ರ ಜೂನ್ ತನಕ ಅಮೆರಿಕನ್ನರ 7ನೇ ಬಾಂಬ್ ಗ್ರೂಪ್, ಬ್ರಿಟಿಷ್ ಸ್ಕ್ವಾಡ್ರನ್‌ಗಳು ಸರದಿಯಂತೆ ಹೋದವು.

ಇದನ್ನು ಹೇಳುವಾಗ ನನಗೆ ಇನ್ನೊಂದು ಮಾತು ಬಿಡಲಾಗುವುದಿಲ್ಲ. ಆ ಸೇತುವೆ ಇದ್ದದ್ದು ನಾನು ಆಗಲೇ ಹೇಳಿದ ರೈಲು ದಾರಿಯ ಮೇಲೆ. ಅದನ್ನು ಕಟ್ಟಿದವರು ಜಪಾನಿಯರ ಕೈಗೆ ಸಿಕ್ಕ ಯುದ್ಧ ಕೈದಿಗಳು, ಅವರಿಗಿಂತ ಜಾಸ್ತಿ ಸಂಖ್ಯೆಯಲ್ಲಿ ಏಷ್ಯಾದ ಕೂಲಿಗಳು. ಮಲಯದ ರಬ್ಬರ್ ತೋಟಗಳಿಂದ ಎಳೆದುಕೊಂಡು ಹೋದ ತಮಿಳು ಕೂಲಿಗಳು ಸಾವಿರಾರು ಮಂದಿ ಅಲ್ಲಿ ಸತ್ತರು. ಸೇತುವೆ ಪಕ್ಕದಲ್ಲೇ ಕೈದಿಗಳ ಶಿಬಿರ ಇತ್ತು. ತಮ್ಮವರು ಹಾಕಿದ ಬಾಂಬಿಗೆ ಅಲ್ಲಿನ ಕೈದಿಗಳೂ ಬಲಿಯಾದರು.

ಜಪಾನಿ ಫೈಟರ್‌ಗಳಿಂದಲೇ ಇವರು ಜಾಸ್ತಿ ಸತ್ತರಾ?

ಯುರೋಪಿನಲ್ಲಿ ಬಾಂಬರ್‌ಗಳಿಗೆ ಶತ್ರು ಫೈಟರ್ ಮತ್ತು ವಿಮಾನ ಹೊಡೆಯುವ ತೋಪುಗಳ ಕಾಟ ಜಾಸ್ತಿ. ಇಲ್ಲಿ ಅವುಗಳ ಜೊತೆಗೆ ಮುಂಗಾರು, ದೂರ ಮತ್ತು ಕಾಡು ಸೇರಿಕೊಂಡಿದ್ದವು. ಬಂಗಾಳ ಕೊಲ್ಲಿಯ ಮೇಲಿನ ಗುಡುಗು ಮೋಡದ ಒಳಗೆ ಸಿಕ್ಕ ವಿಮಾನದ ಕೈಕಾಲು ಮುರಿಯುತ್ತಿದ್ದವು. ಕಾಡಿಗೆ ಬಿದ್ದರೆ ಹುಡುಕುವವರಿಲ್ಲ. ತಂಡದವರ ಜೇಬಿನಲ್ಲಿ ರೇಷ್ಮೆ ಬಟ್ಟೆಯ ಮೇಲೆ ಅಚ್ಚು ಹಾಕಿದ ನಕ್ಷೆ ಇರುತ್ತಿತ್ತು. ಇವನಿಗೆ ಸಹಾಯ ಮಾಡಿದರೆ ಬಹುಮಾನ ಕೊಡುತ್ತೇವೆ ಅಂತ ಬರ್ಮಿ, ಥಾಯ್, ಬಂಗಾಳಿ, ಚೀನಿ ಭಾಷೆಗಳಲ್ಲಿ ಬರೆದ ಚೀಟಿಯೂ ಇರುತ್ತಿತ್ತು.

ಒಂದು ತಂಡದ ಕಥೆ ಹೇಳುತ್ತೇನೆ. 356ನೇ ಸ್ಕ್ವಾಡ್ರನ್ನಿನ ಕೆಎಲ್654 ಎಂಬ ಲಿಬರೇಟರ್ 1945ರ ಆಗಸ್ಟ್ 23ರಂದು ಹಿಂದೂ ಮಹಾಸಾಗರದ ಕೋಕೋಸ್ ದ್ವೀಪದಿಂದ ಹೊರಟಿತು. ಹೊತ್ತಿದ್ದು ಬಾಂಬ್ ಅಲ್ಲ. ಮಲಯದ ಕಾಡಿನಲ್ಲಿದ್ದ ಮಿತ್ರಪಡೆಯ ಗುಪ್ತ ತಂಡಗಳಿಗೆ ಸಾಮಾನು. ಜಪಾನ್ ಶರಣಾಗುತ್ತೇವೆಂದು ಹೇಳಿ ಆಗಲೇ ಎಂಟು ದಿನ ಆಗಿತ್ತು. ಕ್ವಾಲಾ ಪಿಲಾ ಬಳಿ ಬೆಟ್ಟದ ಕಾಡಿಗೆ ವಿಮಾನ ಬಿತ್ತು. ಎಂಟೂ ಜನ ಸತ್ತರು. ಅವರ ಅವಶೇಷಗಳನ್ನು ಕಾಡಿನಿಂದ ತಂದು ಕ್ವಾಲಾಲಂಪುರದಲ್ಲಿ ಮಣ್ಣು ಮಾಡಿದ್ದು 2012ರ ಅಕ್ಟೋಬರಿನಲ್ಲಿ. 67 ವರ್ಷ ಆದ ಮೇಲೆ. ಗೋರಿಯೇ ಇಲ್ಲದ ಸಾವಿರಾರು ವೈಮಾನಿಕರ ಹೆಸರು ಸಿಂಗಾಪುರದ ಕ್ರಾಂಜಿ ಸ್ಮಾರಕದ ಗೋಡೆಗಳ ಮೇಲಿದೆ.

ಯುದ್ಧದ ವೇಳೆ ಎಚ್‌ಎಎಲ್ ಏನು ಮಾಡ್ತಿತ್ತು?

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಕಂಪನಿ ಶುರು ಮಾಡಿದರು. ಆಗ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಉದ್ದೇಶ ವಿಮಾನ ಮಾಡುವುದು. ಆದರೆ ಜಪಾನ್ ಬರ್ಮಾಕ್ಕೆ ಬಂದ ಮೇಲೆ ವಿಮಾನ ಮಾಡುವುದಕ್ಕಿಂತ ರಿಪೇರಿ ಮಾಡುವ ಅಗತ್ಯವೇ ಮುಂದೆ ಬಂತು. 1942ರಲ್ಲಿ ಕಾರ್ಖಾನೆ ಸರ್ಕಾರದ ಕೈಗೆ ಹೋಯಿತು. 1943ರಿಂದ ಅಮೆರಿಕನ್ ವಾಯುಸೇನೆಯ 84ನೇ ಏರ್ ಡಿಪೋ ಇಲ್ಲಿ ಕೆಲಸ ಮಾಡಿತು.

ಡಕೋಟಾ, ಬಿ-25, ಬಿ-24, ಕ್ಯಾಟಲಿನಾ ಎಲ್ಲವೂ ಇಲ್ಲಿಗೆ ಬಂದವು. ಕ್ಯಾಟಲಿನಾ ನೀರಿನ ಮೇಲೆ ಇಳಿಯುವ ವಿಮಾನ. ಅವು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಇದನ್ನು ಹೇಳಿದಾಗ ಇವತ್ತಿನ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆ ಕೆರೆ ಆಗ ಹಾಗಿತ್ತು.

ನನ್ನ ಪ್ರಕಾರ ಮುಂದಿನ ಕಥೆಯ ಬೀಜ ಇಲ್ಲೇ ಇದೆ. ಲಿಬರೇಟರ್‌ನ ಎಂಜಿನ್ ಪ್ರಾಟ್ ಅಂಡ್ ವಿಟ್ನಿ ಟ್ವಿನ್ ವಾಸ್ಪ್. ಡಕೋಟಾಕ್ಕೂ ಕ್ಯಾಟಲಿನಾಕ್ಕೂ ಅದೇ ಕುಟುಂಬದ ಎಂಜಿನ್. ಅದನ್ನು ಬಿಚ್ಚಿ ಜೋಡಿಸಿದ ಬೆಂಗಳೂರಿನ ಕೈಗಳು ಯುದ್ಧ ಮುಗಿಯುವಾಗ ಪಳಗಿ ಹೋಗಿದ್ದವು.

## ಮುರಿದದ್ದು, ಮತ್ತೆ ಕೂಡಿಸಿದ್ದು

ಚೆನ್ನಾಗಿದ್ದ ವಿಮಾನಗಳನ್ನು ಯಾಕೆ ಹಾಳು ಮಾಡಿದರು? ಹೊಟ್ಟೆಕಿಚ್ಚಾ?

ಹೊಟ್ಟೆಕಿಚ್ಚಲ್ಲ, ಕರಾರು. ಈ ವಿಮಾನಗಳು ಬ್ರಿಟನ್ ಕೊಂಡವಲ್ಲ. ಲೆಂಡ್-ಲೀಸ್ ಅನ್ನೋ 1941ರ ಅಮೆರಿಕದ ಕಾನೂನಿನ ಪ್ರಕಾರ ಯುದ್ಧದ ಬಳಕೆಗೆ ಕೊಟ್ಟವು. ಜಪಾನ್ ಶರಣಾದ ಕೂಡಲೇ ಆ ಏರ್ಪಾಡು ನಿಂತಿತು. ಇಟ್ಟುಕೊಂಡರೆ ದುಡ್ಡು ಕೊಡಬೇಕು. ಯುದ್ಧದಿಂದ ಬ್ರಿಟನ್ನಿನ ಖಜಾನೆ ಬರಿದಾಗಿತ್ತು. ವಾಪಸ್ ತೆಗೆದುಕೊಳ್ಳಲು ಅಮೆರಿಕಕ್ಕೂ ಬೇಡ, ಅವರಲ್ಲೇ ಸಾವಿರಾರು ಸುಮ್ನೆ ನಿಂತಿದ್ದವು. ಉಳಿದ ದಾರಿ, ಯಾರಿಗೂ ಉಪಯೋಗಕ್ಕೆ ಬಾರದ ಹಾಗೆ ಮಾಡುವುದು.

ಕಾನ್ಪುರದ ಚಕೇರಿಯಲ್ಲಿ ಸಾಲಾಗಿ ನಿಲ್ಲಿಸಿದ ವಿಮಾನಗಳಿಗೆ ಆದದ್ದು ಅದೇ. ಪಿಕಾಸಿಯಿಂದ ಮೀಟರುಗಳನ್ನು ಒಡೆದರು, ಎಂಜಿನ್ನಿಗೆ ಮರಳು ಸುರಿದರು, ಮೈಗೆ ವಾಹನ ಗುದ್ದಿಸಿದರು ಎಂಬ ವಿವರಗಳು ಆ ಕಾಲದವರ ನೆನಪುಗಳಲ್ಲಿ ಸಿಗುತ್ತವೆ. ಆ ಕೆಲಸ ಮಾಡಬೇಕಾಗಿ ಬಂದ ಮೆಕ್ಯಾನಿಕ್‌ಗಳ ಬಗ್ಗೆ ನನಗೆ ಮರುಕ ಇದೆ. ನಿನ್ನೆ ತನಕ ರಾತ್ರಿಯೆಲ್ಲ ಎದ್ದು ಕಾಪಾಡಿದ ಎಂಜಿನ್ನಿಗೆ ಇವತ್ತು ತಾವೇ ಮರಳು ಹಾಕುವುದು ಯಾರಿಗೆ ತಾನೇ ಇಷ್ಟ ಆಗುತ್ತೆ?

ಹೊಸ ಬಾಂಬರ್ ತಗೊಳ್ಳದೆ ಗುಜರಿಗೆ ಯಾಕೆ ಕೈ ಹಾಕಿದರು?

ಅವಸರ ಇತ್ತು, ಹಣ ಇರಲಿಲ್ಲ. 1947ರಲ್ಲಿ ಕಾಶ್ಮೀರದ ಯುದ್ಧ ಶುರುವಾದಾಗ ಭಾರತದ ವಾಯುಪಡೆಯಲ್ಲಿ ಒಂದೂ ಭಾರಿ ಬಾಂಬರ್ ಇರಲಿಲ್ಲ. ಪೂಂಚ್ ಸುತ್ತ ಸಾಮಾನು ಸಾಗಿಸುವ ಡಕೋಟಾಗಳಿಂದಲೇ ಬಾಂಬ್ ಹಾಕಿದರು. ಬಾಂಬುಗಳನ್ನು ಬಾಗಿಲ ತನಕ ಉರುಳಿಸಿಕೊಂಡು ಬಂದು ಕೈಯಿಂದ ಕೆಳಗೆ ತಳ್ಳುವುದು. ಅಂಥ ಸ್ಥಿತಿಯಲ್ಲಿ ಕಾನ್ಪುರದಲ್ಲಿ ಡಜನ್‌ಗಟ್ಟಲೆ ದೊಡ್ಡ ಬಾಂಬರ್‌ಗಳು ಹುಲ್ಲಿನ ಮಧ್ಯೆ ನಿಂತಿವೆ ಅಂದರೆ ಯಾರ ಕಣ್ಣು ಅತ್ತ ಹೋಗುವುದಿಲ್ಲ ಹೇಳಿ.

ಇನ್ನೊಂದು ಕಾರಣವೂ ಇದೆ. ಎಲ್ಲ ವಿಮಾನಗಳನ್ನೂ ಒಂದೇ ರೀತಿ ಒಡೆಯುವುದು ಬಲು ಬೇಜಾರಿನ ಕೆಲಸ. ಒಂದರಲ್ಲಿ ರೆಕ್ಕೆ ಹೋಗಿದ್ದರೆ ಇನ್ನೊಂದರಲ್ಲಿ ಬಾಲ ಹೋಗಿತ್ತು. ಒಂದರ ಭಾಗ ಇನ್ನೊಂದಕ್ಕೆ ಸಿಕ್ಕಿತು. ಅಷ್ಟೊಂದು ವಿಮಾನ ಒಂದೇ ಕಡೆ ಇದ್ದದ್ದರಿಂದಲೇ 42 ಉಳಿದವು.

ಅಂಥ ಮುರುಕಲು ವಿಮಾನವನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡೇ ಬಂದರಾ? ನಂಬೋಕಾಗಲ್ಲ.

ನನಗೂ ಮೊದಲ ಸಲ ಕೇಳಿದಾಗ ಹಾಗೇ ಅನ್ನಿಸಿತ್ತು. ಲಾರಿಯಲ್ಲಿ ತಂದಿರಬೇಕು ಅಂದುಕೊಂಡಿದ್ದೆ. ಆದರೆ 110 ಅಡಿ ರೆಕ್ಕೆಯನ್ನು 1948ರ ರಸ್ತೆ, ಸೇತುವೆಗಳ ಮೇಲೆ ತರುವುದು ಇನ್ನೂ ಕಷ್ಟ. ಆದ್ದರಿಂದ ಎಚ್‌ಎಎಲ್‌ನ ಕೆಲಸಗಾರರ ತಂಡವೇ ಕಾನ್ಪುರಕ್ಕೆ ಹೋಯಿತು. ಒಂದು ಸಲ ಹಾರಲು ಎಷ್ಟು ಬೇಕೋ ಅಷ್ಟು ಮಾತ್ರ ಅಲ್ಲಿ ಸರಿ ಮಾಡಿದರು. ಪೂರ್ತಿ ಕೆಲಸ ಬೆಂಗಳೂರಿನಲ್ಲಿ.

ಹಾರಿಸಿದವರು ಎಚ್‌ಎಎಲ್‌ನ ಮುಖ್ಯ ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ. ಇದಕ್ಕೆ ಮೊದಲು ಅವರು ಲಿಬರೇಟರ್ ಹಾರಿಸಿದವರಲ್ಲ. ಕಾನ್ಪುರದಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೂ ಸುಮಾರು 1,500 ಕಿಲೋಮೀಟರ್. ಹತ್ತು ಜನ ನಡೆಸುವ ವಿಮಾನವನ್ನು ಬೆರಳೆಣಿಕೆಯ ಜನ ನಡೆಸಿ ತಂದರು. ಎರಡು ಮೂರು ವರ್ಷ ಮಳೆ ಬಿಸಿಲಿಗೆ ನಿಂತ, ಬೇಕೆಂದೇ ಕೆಡಿಸಿದ ಯಂತ್ರ ಅದು. ದಾರಿಯಲ್ಲಿ ಯಾವ ಪೈಪು ಒಡೆಯುತ್ತದೆ, ಯಾವ ತಂತಿ ತುಂಡಾಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಹೀಗೆ ಒಂದಲ್ಲ ಎರಡಲ್ಲ, 42 ವಿಮಾನ ಬಂದವು.

ಮುನ್ಷಿಯವರ ಹೆಸರು ನೀವು ಬೇರೆ ಕಡೆಯೂ ಕೇಳಿರಬಹುದು. ಡಾ. ವಿ. ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನವನ್ನು 1951ರ ಆಗಸ್ಟಿನಲ್ಲಿ ಮೊದಲ ಸಲ ಹಾರಿಸಿದವರೂ ಅವರೇ. ಎಚ್‌ಟಿ-2 ಬಗ್ಗೆ ಪಾಠಗಳಿವೆ, ಅಂಚೆಚೀಟಿಯಷ್ಟು ಚಿಕ್ಕದಾಗಿಯಾದರೂ ಎಲ್ಲೋ ಚಿತ್ರ ಇರುತ್ತದೆ. ಕಾನ್ಪುರದ ಪಯಣಗಳ ಬಗ್ಗೆ ನಮ್ಮಲ್ಲಿ ಮಾತಾಡುವವರು ಕಡಿಮೆ. ನನಗಂತೂ ಅವೇ ದೊಡ್ಡವು.

ಬೆಂಗಳೂರಲ್ಲಿ ಏನೇನು ಕೆಲಸ ಮಾಡಿದರು? ಬಣ್ಣ ಬಳಿದು ಕೊಟ್ಟರಾ?

ಅಯ್ಯೋ, ಇಲ್ಲ. ಒಂದು ಲೆಕ್ಕ ಹಾಕಿ. ಒಂದು ಎಂಜಿನ್ನಿಗೆ 14 ಸಿಲಿಂಡರ್. ನಾಲ್ಕು ಎಂಜಿನ್ನಿಗೆ 56. ಒಂದೊಂದು ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್, ಒಟ್ಟು 112. ಇದು ಒಂದು ವಿಮಾನಕ್ಕೆ. ಮರಳು ಹೋಗಿರುವ ಎಂಜಿನ್ ಅಂದರೆ ಪೂರ್ತಿ ಬಿಚ್ಚಿ, ತೊಳೆದು, ಪ್ರತಿ ಬೇರಿಂಗ್ ನೋಡಿ ಮತ್ತೆ ಜೋಡಿಸಬೇಕು. ಮೂತಿಯಿಂದ ಬಾಲದ ತನಕ ಓಡುವ ಕಂಟ್ರೋಲ್ ಕೇಬಲ್‌ಗಳು, ಹೈಡ್ರಾಲಿಕ್ ಪೈಪುಗಳು, ವೈರಿಂಗ್, ರೆಕ್ಕೆಯೊಳಗಿನ ರಬ್ಬರಿನ ಇಂಧನ ಚೀಲಗಳು, ಎಲ್ಲವನ್ನೂ ಕೈಯಿಟ್ಟು ನೋಡಬೇಕು. ಹರಿದ ತಗಡಿಗೆ ತೇಪೆ ಹಾಕುವವನು ಹೊರಗಿಂದ ರಿವೆಟ್ ಹೊಡೆದರೆ, ಒಳಗೆ ಇನ್ನೊಬ್ಬ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ರೆಕ್ಕೆಯ ಒಳಗೆ ನುಸುಳಲು ಸಣಕಲು ಹುಡುಗರೇ ಬೇಕು.

## ವಾಯುಪಡೆಯ 20 ವರ್ಷ

ಯಾವ ಸ್ಕ್ವಾಡ್ರನ್‌ಗಳು ಇದನ್ನು ಹಾರಿಸಿದವು?

ಮೊದಲನೆಯದು 5ನೇ ಸ್ಕ್ವಾಡ್ರನ್, 1948ರ ನವೆಂಬರಿನಲ್ಲಿ ಕಾನ್ಪುರದಲ್ಲೇ ಹುಟ್ಟಿತು. ಅದರ ಹೆಸರು ಟಸ್ಕರ್ಸ್, ಗುರುತು ಆನೆ. ಲಿಬರೇಟರ್ ನೋಡಿದವರಿಗೆ ಆ ಹೆಸರು ಸರಿಯಾಗಿದೆ ಅನ್ನಿಸುತ್ತದೆ. ಆಮೇಲೆ 16ನೇ ಸ್ಕ್ವಾಡ್ರನ್ ಮತ್ತು 6ನೇ ಸ್ಕ್ವಾಡ್ರನ್ ಸೇರಿದವು. 1957ರಿಂದ ಕ್ಯಾನ್‌ಬೆರಾ ಜೆಟ್ ಬಾಂಬರ್ ಬಂದಾಗ 5 ಮತ್ತು 16 ಅತ್ತ ಹೋದವು. 6 ಮಾತ್ರ ಪುಣೆಯಲ್ಲಿ ಲಿಬರೇಟರ್ ಜೊತೆಗೇ ಉಳಿಯಿತು.

ಬಾಂಬರ್ ಹೋಗಿ ಸಮುದ್ರ ಕಾಯೋ ಕೆಲಸಕ್ಕೆ ಬಂದದ್ದು ಯಾಕೆ?

ಜೆಟ್ ಬಂದ ಮೇಲೆ ಲಿಬರೇಟರ್ ವೇಗದಲ್ಲಿ ಹಿಂದೆ ಬಿತ್ತು. ಆದರೆ ಸಮುದ್ರದ ಮೇಲೆ ವೇಗಕ್ಕಿಂತ ಬೇಕಾದದ್ದು ತಾಳ್ಮೆ. ಗಂಟೆಗಟ್ಟಲೆ ಕೆಳಗೆ ಹಾರುತ್ತಾ ಹಡಗುಗಳನ್ನು ನೋಡಬೇಕು, ಎಣಿಸಬೇಕು, ಬರೆದುಕೊಳ್ಳಬೇಕು. ಇದೇ ವಿಮಾನ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ಮಧ್ಯದಲ್ಲಿ ಜರ್ಮನ್ ಜಲಾಂತರ್ಗಾಮಿಗಳನ್ನು ಹುಡುಕಿ ಹೆಸರು ಮಾಡಿತ್ತು. 6ನೇ ಸ್ಕ್ವಾಡ್ರನ್ ಪುಣೆಯಿಂದ ಅರಬ್ಬಿ ಸಮುದ್ರದ ಮೇಲೆ ಅದೇ ಕೆಲಸ ಮಾಡಿತು. 1960ರ ದಶಕದಲ್ಲಿ ಏರ್ ಇಂಡಿಯಾ ಬಿಟ್ಟುಕೊಟ್ಟ ಸೂಪರ್ ಕಾನ್‌ಸ್ಟೆಲೇಶನ್ ವಿಮಾನಗಳೂ ಅದರ ಜೊತೆ ಸೇರಿದವು.

## ಇನ್ನೂ ಆಳಕ್ಕೆ ಹೋಗಬೇಕೆನ್ನುವವರಿಗೆ

ಒಂದೇ ಒಂದು ವಿಮಾನದ ಕಥೆ ಶುರುವಿಂದ ಕೊನೆ ತನಕ ಹೇಳ್ತೀರಾ?

ಕೆಎನ್751 ಅಂತ ಒಂದು ವಿಮಾನ. 1945ರಲ್ಲಿ ಬ್ರಿಟಿಷ್ ವಾಯುಪಡೆಗೆ ಬಂತು, 99ನೇ ಸ್ಕ್ವಾಡ್ರನ್ ಸೇರಿತು. ಆ ಸ್ಕ್ವಾಡ್ರನ್ನಿನ ಹೆಸರಿನ ಜೊತೆ ಮದ್ರಾಸ್ ಪ್ರೆಸಿಡೆನ್ಸಿ ಅಂತಲೂ ಸೇರಿಕೊಂಡಿದೆ. ಮದ್ರಾಸ್ ಪ್ರಾಂತ್ಯದ ಜನ ಯುದ್ಧಕ್ಕೆ ಕೊಟ್ಟ ದೇಣಿಗೆಯ ನೆನಪು ಅದು. ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ ನಮ್ಮ ಮಂಗಳೂರು, ಬಳ್ಳಾರಿಗಳೂ ಇದ್ದವು ಅಲ್ವಾ?

ಯುದ್ಧದ ಕೊನೆಯ ವಾರಗಳಲ್ಲಿ ಸ್ಕ್ವಾಡ್ರನ್ ಕೋಕೋಸ್ ದ್ವೀಪಕ್ಕೆ ಹೋಯಿತು. ತೆಂಗಿನ ಮರ ಕಡಿದು, ಹವಳದ ನೆಲದ ಮೇಲೆ ಉಕ್ಕಿನ ಹಾಸು ಹಾಸಿ ಮಾಡಿದ ರನ್‌ವೇ. ಜಪಾನ್ ಶರಣಾದ ಮೇಲೆ ಲಿಬರೇಟರ್‌ಗಳ ಕೆಲಸ ಬದಲಾಯಿತು. ಮೊದಲು ಯುದ್ಧ ಮುಗಿದಿದೆ, ಇದ್ದಲ್ಲೇ ಇರಿ ಅಂತ ಕೈದಿಗಳ ಶಿಬಿರಗಳ ಮೇಲೆ ಕರಪತ್ರ ಹಾಕಿದರು. ಅದಕ್ಕೆ ಬರ್ಡ್‌ಕೇಜ್ ಅಂತ ಹೆಸರು. ಆಮೇಲೆ ಊಟ, ಔಷಧಿ, ಬಟ್ಟೆ. ಅದಕ್ಕೆ ಮಾಸ್ಟಿಫ್ ಅಂತ ಹೆಸರು. ಬಾಂಬ್ ಬೀಳುತ್ತಿದ್ದ ಬಾಗಿಲಿನಿಂದಲೇ ಹಾಲಿನ ಪುಡಿ, ಮಾತ್ರೆ ಬಿದ್ದವು.

1945 ಮುಗಿಯುವ ಮುನ್ನ 99ನೇ ಸ್ಕ್ವಾಡ್ರನ್ ಬರಖಾಸ್ತಾಯಿತು. ಕೆಎನ್751 ಕಾನ್ಪುರದ ಸಾಲಿಗೆ ಬಂದು ನಿಂತಿತು. ಅಲ್ಲಿಂದ ಬೆಂಗಳೂರು. ಹೊರಗೆ ಬಂದಾಗ ಅದರ ಹೆಸರು ಎಚ್‌ಇ807, ಮೈಮೇಲೆ ತ್ರಿವರ್ಣ. ಪುಣೆಯ 6ನೇ ಸ್ಕ್ವಾಡ್ರನ್‌ನಲ್ಲಿ ದುಡಿಯಿತು. 1974ರ ಜುಲೈನಲ್ಲಿ ಭಾರತ ಅದನ್ನು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂಗೆ ಕೊಟ್ಟಿತು. ಹಡಗಿನಲ್ಲಿ ಕಳಿಸಲಿಲ್ಲ. ನಮ್ಮ ವಾಯುಪಡೆಯ ತಂಡವೇ ಹಾರಿಸಿಕೊಂಡು ಹೋಗಿ ಇಳಿಸಿತು. ಬ್ರಿಟಿಷರು ತಮ್ಮ ವಿಮಾನವನ್ನು ಕೆಡಿಸಿ ಹೋದ 28 ವರ್ಷದ ಮೇಲೆ, ಅವರ ನೆಲದ ಮೇಲೆ ಭಾರತೀಯರು ಅದನ್ನು ಸರಿಯಾಗಿ ಇಳಿಸಿ ಕೀಲಿ ಕೊಟ್ಟರು.

ಈಗ ಎಲ್ಲಿ ನೋಡಬಹುದು? ಬೆಂಗಳೂರಲ್ಲಿ ಒಂದಾದರೂ ಇದೆಯಾ?

ಬೆಂಗಳೂರಿನಲ್ಲಿ ಇಲ್ಲ. ಇದು ನನಗೆ ನೋವಿನ ವಿಷಯ. ಎಚ್‌ಎಎಲ್ ಮ್ಯೂಸಿಯಂಗೆ ಹೋದ ಮಕ್ಕಳು ಕೇಳುತ್ತಾರೆ, ಇಲ್ಲ ಅನ್ನಬೇಕಾಗುತ್ತದೆ. ಭಾರತದಲ್ಲಿ ಉಳಿದಿರುವುದು ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಮ್ಯೂಸಿಯಂನ ಎಚ್‌ಇ924.

ಹೊರಗೆ ಹೋದವುಗಳಲ್ಲಿ ಕೆಎನ್751 ಬಿಟ್ಟರೆ, ಒಂದು 1968ರಲ್ಲಿ ಕೆನಡಾಕ್ಕೆ ಹೋಗಿ ಈಗ ಒಟ್ಟಾವದಲ್ಲಿದೆ. ಅದಕ್ಕೆ ಬದಲಾಗಿ ಕೆನಡಾ ನಮಗೆ ಲೈಸ್ಯಾಂಡರ್ ಎಂಬ ಹಳೆ ವಿಮಾನ ಕೊಟ್ಟಿತು. ಒಂದು 1969ರಲ್ಲಿ ಪುಣೆಯಿಂದ ಹಾರಿ ಅಮೆರಿಕದ ಆರಿಜೋನಾಕ್ಕೆ ಹೋಗಿ ಪಿಮಾ ಮ್ಯೂಸಿಯಂ ಸೇರಿತು. ಒಂದು ಫ್ಲಾರಿಡಾದ ಸಂಗ್ರಹಕಾರರ ಬಳಿ ಹೋಯಿತು. ಇನ್ನೊಂದು ಬಹಳ ವರ್ಷ ಇಲ್ಲೇ ನಿಂತಿದ್ದು, 1980ರ ದಶಕದಲ್ಲಿ ಬ್ರಿಟನ್ ಮೂಲಕ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಸೇರಿ, 1989ರಲ್ಲಿ ಮತ್ತೆ ಹಾರಿತು. 18,000ದಲ್ಲಿ ಇವತ್ತು ಪೂರ್ತಿಯಾಗಿ ಉಳಿದಿರುವುದು ಒಂದು ಡಜನ್ ಆಸುಪಾಸು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬೆಂಗಳೂರಿನಲ್ಲಿ ರಿಪೇರಿ ಆದವು.

ಫೋಟೋದಲ್ಲಿ ಅಮೆರಿಕದ ಬಣ್ಣ, ಅಮೆರಿಕದ ಹೆಸರು ಇದೆ. ನಮ್ಮದು ಅಂತ ಹೇಗೆ ಗೊತ್ತಾಗುತ್ತೆ?

ನಂಬರ್ ಓದಬೇಕು. ಇಂಥ ಒಂದು ವಿಮಾನಕ್ಕೆ ಮೂರು ನಂಬರ್ ಇರುತ್ತವೆ. 44-44052 ಅಂತ ಇದ್ದರೆ ಅದು ಅಮೆರಿಕದ್ದು. ಮೊದಲ 44 ಅಂದರೆ 1944ನೇ ಹಣಕಾಸು ವರ್ಷದ ಆರ್ಡರ್. ಕೆಎನ್, ಕೆಎಚ್, ಕೆಎಲ್ ಅಂತ ಶುರುವಾದರೆ ಬ್ರಿಟಿಷರದ್ದು. ಎಚ್‌ಇ ಅಂತ ಶುರುವಾದರೆ ನಮ್ಮದು. ನಾನು ಕೊಟ್ಟ 44-44052 ಕಾಲಿಂಗ್ಸ್ ಫೌಂಡೇಶನ್ನಿನ ವಿಮಾನವೇ. ಅಮೆರಿಕದಲ್ಲಿ ಅದಕ್ಕೆ ಮೂರು ಸಲ ಬೇರೆ ಬೇರೆ ಬಣ್ಣ ಬಳಿದರು, ಕೊನೆಗೆ ವಿಚ್‌ಕ್ರಾಫ್ಟ್ ಅಂತ ಹೆಸರಿಟ್ಟರು. ಯುದ್ಧದಲ್ಲಿ ಬೇರೆ ಲಿಬರೇಟರ್‌ಗಳು ಹೊತ್ತಿದ್ದ ಹೆಸರು, ಚಿತ್ರ ಅವು.

ಅವರ ಹಳೆಯ ಸೈನಿಕರಿಗೆ ಗೌರವ ಕೊಡಲು ಹಾಗೆ ಮಾಡಿದ್ದು, ತಪ್ಪಲ್ಲ. ಆದರೆ ಆ ಬಣ್ಣದ ಕೆಳಗಿರುವ ತಗಡು ಅಮೆರಿಕದ ಬಾವುಟದಡಿ ಯುದ್ಧಕ್ಕೆ ಹೋದದ್ದಲ್ಲ. ಬ್ರಿಟಿಷರಿಗಾಗಿ ಹಾರಿತ್ತು, ಭಾರತಕ್ಕಾಗಿ ಅದಕ್ಕಿಂತ ಎಷ್ಟೋ ಜಾಸ್ತಿ ವರ್ಷ ಹಾರಿತ್ತು. ಪಕ್ಕದಲ್ಲಿ ಅಷ್ಟನ್ನಾದರೂ ಒಂದು ಬೋರ್ಡಿನಲ್ಲಿ ಬರೆಯಬೇಕು ಅಂತ ನನ್ನ ಆಸೆ.

ನಮ್ಮ ತಾತ ಆ ಕಾಲದಲ್ಲಿ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. ಲಿಬರೇಟರ್ ಮೇಲೆ ಕೆಲಸ ಮಾಡಿದ್ದಾರಾ ಅಂತ ತಿಳಿಯೋದು ಹೇಗೆ?

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು. ಪೈಲಟ್‌ಗಳ ಹೆಸರು ದಾಖಲೆಯಲ್ಲಿ ಸಿಗುತ್ತದೆ. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳ ಹೆಸರು ಸಿಗುವುದು ಮನೆಯ ಟ್ರಂಕಿನಲ್ಲಿ. ಸರ್ವಿಸ್ ಪುಸ್ತಕ, ಗೇಟ್ ಪಾಸು, ಹಿತ್ತಾಳೆ ಟೋಕನ್ನು, ನಿವೃತ್ತಿಯ ಕಾಗದ ಹುಡುಕಿ. 1948ರಿಂದ 1950ರ ಆಸುಪಾಸು ಯಾವ ಶಾಪ್‌ನಲ್ಲಿದ್ದರು ನೋಡಿ. ಎಂಜಿನ್ ಓವರ್‌ಹಾಲ್ ಅಂತಲೋ ಏರ್‌ಕ್ರಾಫ್ಟ್ ಓವರ್‌ಹಾಲ್ ಅಂತಲೋ ಇದ್ದರೆ ಸಾಧ್ಯತೆ ಜಾಸ್ತಿ. ಕಾನ್ಪುರಕ್ಕೆ ಹೋಗಿಬಂದ ಭತ್ಯೆಯ ಕಾಗದ ಏನಾದರೂ ಸಿಕ್ಕರೆ ಅದನ್ನು ಜೋಪಾನವಾಗಿಡಿ. ಮನೆಯ ಹಿರಿಯರನ್ನು ಲಿಬರೇಟರ್ ಅಂತ ಕೇಳಬೇಡಿ, ಅವರಿಗೆ ಆ ಹೆಸರು ನೆನಪಿರಲಿಕ್ಕಿಲ್ಲ. ನಾಲ್ಕು ಎಂಜಿನ್ನಿನ ದೊಡ್ಡ ವಿಮಾನ, ಎರಡು ಬಾಲ, ಕಾನ್ಪುರ ಅಂತ ಕೇಳಿ. ಗುಂಪು ಫೋಟೋ ಸಿಕ್ಕರೆ ಇವತ್ತೇ ಕೂತು, ಗೊತ್ತಿರುವವರ ಹೆಸರುಗಳನ್ನು ಎಡಗಡೆಯಿಂದ ಶುರು ಮಾಡಿ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನು ಬೇಡ, ಶಾಯಿ ಮುಂದಕ್ಕೆ ಇಳಿಯುತ್ತದೆ.